ನನಗೆಂದು ಬೇರೆ ಇಟ್ಟಿದ್ದ ಬಾಣಲೆ

ಶ್ರೀರಂಗಪಟ್ಟಣದ ಬಸ್ ನಿಲ್ದಾಣ

ಹೊರದೇಶಕ್ಕೆ ಹೊರಟವನಿಗೆ ಬುದ್ಧಿ ಹೇಳುವವರು ಸಾಮಾನ್ಯವಾಗಿ ಮೈಸೂರು ದಾಟದವರು. ನನಗೆ ಹೇಳಿದವನು ಸಿಂಧಘಟ್ಟದ ಕೆಂಪಣ್ಣ. ಕೆ.ಆರ್. ಪೇಟೆಯಲ್ಲಿ ನಾನು ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ ಕಾಲದ ಗೆಳೆಯ. ಆಮೇಲೆ ನಾನು ನಾಗಮಂಗಲದ ಕಡೆ ಸುಟ್ಟುಹೋದ ಪಂಪ್‌ಸೆಟ್ಟುಗಳನ್ನು ಕೊಂಡು, ಸರಿಮಾಡಿ ಮಾರುತ್ತಾ, ಕೊನೆಗೆ ಪಾಂಡವಪುರದಲ್ಲಿ ಹಳೇ ಯಂತ್ರಗಳ ಅಂಗಡಿ ಇಟ್ಟೆ. ಆಗಲೂ ಅವನು ಬಂದು ನನ್ನ ಬೆಂಚಿನ ಮೇಲೆ ಕೂತು, ನನ್ನ ಗಿರಾಕಿಗಳೊಡನೆ ನನಗಿಂತ ಹೆಚ್ಚು ಮಾತಾಡಿ ಹೋಗುವವನು.

ತೊಂಬತ್ತರ ದಶಕದ ನಡುಗಾಲ ಅದು. ನಮ್ಮ ಕಡೆ ಸೀಮೆಹಸು ಕಟ್ಟುವವರು ಹೆಚ್ಚುತ್ತಿದ್ದರು, ಹಾಲು ಕರೆಯುವ ಕೈಗಳು ಕಡಿಮೆಯಾಗುತ್ತಿದ್ದವು. ಇಟಲಿಯಲ್ಲಿ ಹಾಲಿಗೆ ದನ ಸಾಕುವ ಒಂದು ಮನೆಯವರು ಹಾಲು ಕರೆಯುವ ಹೊಸ ಯಂತ್ರ ಹಾಕಿಸಿಕೊಳ್ಳುತ್ತಾ, ಹಳೆಯವನ್ನು ಮಾರುತ್ತಿದ್ದಾರೆ ಎಂದು ಬೆಂಗಳೂರಿನ ಏಜೆಂಟರೊಬ್ಬರು ಚಿತ್ರ ತೋರಿಸಿದರು. ಚಿತ್ರ ನೋಡಿ ಹಸು ಕೊಂಡವನು ಹಾಲು ಕಾಣುವುದಿಲ್ಲ. ನಾನೇ ಹೋಗಿ ನೋಡುತ್ತೇನೆ ಎಂದೆ. ಹೊಣಕೆರೆ ಕಡೆಯ ಕೆಲವು ಹಸುವಿನ ಮನೆಗಳಿಗೆ, ಯಂತ್ರ ತಂದೇ ತರುತ್ತೇನೆ ಎಂದು ಮಾತೂ ಕೊಟ್ಟುಬಿಟ್ಟೆ.

ಬಸ್ಸು ಹತ್ತಿಸಲು ಕೆಂಪಣ್ಣ ಶ್ರೀರಂಗಪಟ್ಟಣದವರೆಗೆ ಬಂದಿದ್ದ. ನಿಲ್ದಾಣದ ಹೋಟೆಲಿನಲ್ಲಿ ಒಂದು ಕಾಫಿಯನ್ನು ಬೈಟೂ ಮಾಡಿ ಕುಡಿಯುವಾಗ ದನಿ ತಗ್ಗಿಸಿ ಹೇಳಿದ.

"ನೋಡ್ಲಾ, ಅಲ್ಲಿ ಬಾಡು ಅಂತ ಏನ್ ಕೊಟ್ರೂ ಬಾಯ್ಗಿಡ್‌ಬ್ಯಾಡ. ದನುವೋ ಅಂದಿಯೋ ಯಾರಿಗ್ ಗೊತ್ತು. ಕ್ವಾಳಿ ಅಂದ್ಕಂಡು ನುಂಗ್ಬುಟ್ಟು ಬಂದ್ರೆ ನಿಮ್ಮವ್ವ ಒಳಿಕೇ ಸೇರ್ಸಾಕಿಲ್ಲ."

ನಾನು ನಕ್ಕೆ. ಆದರೆ ಮಾತು ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅವ್ವ ಅಂದರೆ ಹಾಗೆಯೇ. ಅಪ್ಪ ತೀರಿಕೊಂಡ ವರ್ಷವೇ ಬಾಡು ಬಿಟ್ಟವಳು. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಅವಳದೇ ಒಂದು ಒಲೆ, ಅವಳದೇ ಪಾತ್ರೆಗಳು. ಭಾನುವಾರ ನನ್ನ ಹೆಂಡತಿ ಜಯಮ್ಮ ಕೋಳಿ ಎಸರು ಕುದಿಸಿದರೆ, ಆ ಮೂಲೆಯ ಕಡೆಗೆ ಸೌಟೂ ತಿರುಗಬಾರದು. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವ್ವನ ಪಾತ್ರೆ ಅಂದರೆ ಅವ್ವನ ಪಾತ್ರೆ, ಅಷ್ಟೇ. ಬೇರೆ ಇಟ್ಟ ಪಾತ್ರೆ ಎಂದರೇನು ಎಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಮಿಲಾನ್, ಮತ್ತು ಅಲ್ಲಿಂದಾಚೆ ಮಂಜು

ವಿಮಾನದ ವಿಷಯ ಎಲ್ಲರೂ ಬರೆದಿದ್ದಾರೆ. ಕಿವಿ ಮುಚ್ಚಿಕೊಳ್ಳುತ್ತದೆ, ಬೆಲ್ಲದ ಚೂರು ಬಾಯಲ್ಲಿಟ್ಟುಕೊಳ್ಳಿ, ಅಷ್ಟು ಸಾಕು. ಮಿಲಾನಿನ ರೈಲು ನಿಲ್ದಾಣದಲ್ಲಿ ಕಾಫಿ ಕೇಳಿದೆ. ನಮ್ಮಲ್ಲಿ ಮಗುವಿಗೆ ಔಷಧಿ ಕುಡಿಸುವ ಒಳಲೆಯಷ್ಟು ಬಟ್ಟಲಿನಲ್ಲಿ, ತಳದಲ್ಲಿ ಒಂದಿಷ್ಟು ಕಪ್ಪು ಕಷಾಯ ಕೊಟ್ಟರು. ಉಳಿದದ್ದನ್ನು ಆಮೇಲೆ ತರುತ್ತಾರೇನೋ ಎಂದು ಬಟ್ಟಲು ಹಿಡಿದು ನಿಂತೇ ಇದ್ದೆ. ಪಕ್ಕದವರು ಒಂದೇ ಗುಟುಕಿಗೆ ಎತ್ತಿ ನಡೆದುಬಿಟ್ಟರು. ಅದನ್ನು ಬೈಟೂ ಮಾಡುವುದಾದರೆ ಹೇಗೆ ಎಂದು ಕೆಂಪಣ್ಣನನ್ನು ನೆನೆದೆ.

ನಿಲ್ದಾಣದಲ್ಲಿ ನನ್ನನ್ನು ಕರೆದೊಯ್ಯಲು ಬಂದವನು ಪೇಟ ಸುತ್ತಿದ ಸರದಾರ್ಜಿ. ನನಗೆ ಹೋದ ಜೀವ ಬಂತು. ಆ ಬಯಲುಸೀಮೆಯ ದನದ ಮನೆಗಳಲ್ಲಿ ಪಂಜಾಬಿನವರು ಬಂದು ಸೇರಿಕೊಂಡಿದ್ದಾರೆ, ಹಸುವಿನ ಕೆಲಸ ಅವರಿಗೆ ಹುಟ್ಟಿನಿಂದ ಬಂದದ್ದು. ಇವನ ಹೆಸರು ಗುರ್ಮೀತ್. ನನ್ನ ಹಿಂದಿ ಲಾರಿ ಆಫೀಸುಗಳಲ್ಲಿ ಕಲಿತದ್ದು. ಅವನ ಇಟಾಲಿಯನ್ ಕೊಟ್ಟಿಗೆಯಲ್ಲಿ ಕಲಿತದ್ದು. ಎರಡೂ ಸೇರಿ ನಮ್ಮ ವ್ಯವಹಾರ ನಡೆಯಿತು.

ಕಾರಿನ ಕಿಟಕಿಯಿಂದ ನೋಡಿದರೆ ಕಾಲುವೆಗಳು, ಸಪಾಟು ಗದ್ದೆಗಳು, ಕೊಯ್ದು ಮುಗಿದ ಭತ್ತದ ಕೂಳೆ. ಮಂಜೊಂದನ್ನು ತೆಗೆದುಬಿಟ್ಟರೆ ಕೆ.ಆರ್.ಎಸ್. ನಾಲೆಯ ಪಕ್ಕದಲ್ಲಿ ಪಾಂಡವಪುರಕ್ಕೆ ಹೋದಂತೆಯೇ. ಒಂದೇ ವ್ಯತ್ಯಾಸ, ನಾಲೆಯಲ್ಲಿ ಒಬ್ಬರೂ ಬಟ್ಟೆ ಒಗೆಯುತ್ತಿರಲಿಲ್ಲ.

ದನದ ಮನೆ, ಸೋಮವಾರ

ಮನೆಯಲ್ಲಿ ಇದ್ದವರು ಇಬ್ಬರೇ. ಮುದುಕ ಬ್ರೂನೋ, ಅವನ ಮಗಳು ಲೂಚಿಯಾ. ಬ್ರೂನೋ ಮಾತು ಕಡಿಮೆ, ಕೈ ದೊಡ್ಡದು. ಲೂಚಿಯಾಗೆ ನಲವತ್ತರ ಮೇಲೆ. ಬೆಳಗಿನಿಂದ ಕೊಟ್ಟಿಗೆಯಲ್ಲಿ ತಂದೆಯ ಸಮಕ್ಕೆ ದುಡಿದು, ರಬ್ಬರ್ ಬೂಟು ಬಾಗಿಲಲ್ಲಿ ಬಿಚ್ಚಿಟ್ಟು ಒಲೆಯ ಮುಂದೆ ನಿಲ್ಲುವ ಹೆಂಗಸು.

ಮೊದಲ ಸಂಜೆ ಮೇಜಿನ ಮೇಲೆ ಬಾಡು ಬಂತು. ಅಂದು ಸೋಮವಾರ. ನಮ್ಮ ಮನೆದೇವರು ಬೈರವ, ಸೋಮವಾರ ನಾವು ಮುಟ್ಟುವುದಿಲ್ಲ. ಅಷ್ಟನ್ನೇ ಹೇಳಿದೆ. ಗುರ್ಮೀತ್ ಅವರಿಗೆ ತಿಳಿಸಿ, ತಿರುಗಿ ನನ್ನನ್ನು ಕೇಳಿದ: ಇವತ್ತು ಮಾತ್ರವೋ, ಯಾವತ್ತೂ ಇಲ್ಲವೋ?

ಆಗ ನಾನು ಲೆಕ್ಕ ಹಾಕಿದೆ. ಜೀವನವಿಡೀ ಚೌಕಾಸಿ ಮಾಡಿದವನ ತಲೆ ಹಾಗೆಯೇ ಓಡುತ್ತದೆ. ಇವತ್ತು ಮಾತ್ರ ಎಂದರೆ, ನಾಳೆಯಿಂದ ಪ್ರತಿ ತಟ್ಟೆಗೂ ಇದು ಕೋಳಿಯೋ ದನವೋ ಎಂದು ಕೇಳಬೇಕು. ದನ ಸಾಕುವವರ ಮನೆಯಲ್ಲಿ ಕೂತು, ಯಂತ್ರದ ಮಾತೂ ಆಡುತ್ತಾ, ನಿಮ್ಮ ತಟ್ಟೆ ನನಗೆ ಅಸಹ್ಯ ಎನ್ನುವುದು ಹೇಗೆ? ಯಾವತ್ತೂ ಇಲ್ಲ ಎಂದರೆ ಒಂದೇ ಮಾತಿಗೆ ಎಲ್ಲ ಮುಗಿಯಿತು.

"ಯಾವತ್ತೂ ಇಲ್ಲ. ನಮ್ಮ ದೇವರಿಗೆ ಮಾತು ಕೊಟ್ಟಿದ್ದೇನೆ" ಎಂದೆ.

ದೇವರ ಹೆಸರು ಸೇರಿಸುವ ಅಗತ್ಯ ಇರಲಿಲ್ಲ. ವ್ಯಾಪಾರದಲ್ಲಿ ಮಾತಿಗೆ ಸ್ವಲ್ಪ ತೂಕ ಇರಲಿ ಎಂದು ಸೇರಿಸುವುದು ಅಭ್ಯಾಸ. ಬ್ರೂನೋ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಲೂಚಿಯಾ ನನ್ನ ತಟ್ಟೆಯನ್ನು ಎತ್ತಿಕೊಂಡು ಹೋಗಿ, ರೊಟ್ಟಿ ಮತ್ತು ಗಿಣ್ಣಿನಂಥ ಚೀಸ್ ತಂದಿಟ್ಟಳು. ಗೆದ್ದೆ ಅಂದುಕೊಂಡೆ.

ಬುಧವಾರ, ಒಲೆಯ ಮುಂದೆ

ಮರುದಿನ, ಮಂಗಳವಾರವೇ, ಲೂಚಿಯಾ ಪೇಟೆಗೆ ಹೋಗಿ ಒಂದು ಹೊಸ ಬಾಣಲೆ ತಂದಳು. ಬಾಣಲೆ ಎಂದರೆ ನಮ್ಮದರಂತೆ ಗುಂಡಗಿನದಲ್ಲ. ಕಾವಲಿಗಿಂತ ಆಳ, ಬಾಣಲೆಗಿಂತ ಚಪ್ಪಟೆ, ಉದ್ದನೆಯ ಒಂದು ಹಿಡಿ, ಭಾರದ ಕಬ್ಬಿಣ. ಅದರ ಹಿಡಿಗೆ ಹಸಿರು ಪಟ್ಟಿ ಕಟ್ಟಿ, ಉಳಿದವುಗಳಿಂದ ದೂರ, ಒಂಟಿ ಹಲಗೆಯ ಮೇಲೆ ಇಟ್ಟಳು. ಇದರಲ್ಲಿ ಬಾಡು ಯಾವತ್ತೂ ಬೀಳುವುದಿಲ್ಲ, ನಿನ್ನದು ಮಾತ್ರ ಎಂದು ಗುರ್ಮೀತ್ ತಿಳಿಸಿದ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ, ನಮ್ಮ ಅವ್ವನ ಮೂಲೆಯನ್ನು ಆ ಹೆಂಗಸು ತಾನಾಗಿಯೇ ಕಟ್ಟಿದ್ದಳು.

ನಾನು ಕೈಮುಗಿದೆ. ನಿಜವನ್ನು ಆಗಲೇ ಹೇಳಿಬಿಡಬಹುದಿತ್ತು.

ಬುಧವಾರ ಸಂಜೆ ಅವಳು ತಮ್ಮಿಬ್ಬರಿಗೆ ಕೋಳಿ ಮಾಡಿದಳು. ನನ್ನ ಬಾಣಲೆಯಲ್ಲಿ ಒಂದು ಒಲೆಯ ಮೇಲೆ ಬದನೆಕಾಯಿ, ಅವರ ಬಾಣಲೆಯಲ್ಲಿ ಇನ್ನೊಂದರ ಮೇಲೆ ಕೋಳಿ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿದೆ. ನಮ್ಮಲ್ಲಿ ಕೋಳಿ ಎಂದರೆ ಅರ್ಧ ದಿನದ ಕೆಲಸ. ಪುಕ್ಕ ತರಿದು, ಹುಲ್ಲುರಿಯಲ್ಲಿ ಸುಟ್ಟು, ಅರಿಶಿನ ಬಳಿದು, ಕಾಯಿ ತುರಿದು, ಧನಿಯ ಹುರಿದು, ರುಬ್ಬಿ, ಕುದಿಸಿ, ಮುದ್ದೆಗೆ ಹಿಟ್ಟು ಕೂಡಿಸಿ. ಅಷ್ಟರಲ್ಲಿ ನೆಂಟರು ಎರಡು ಸಲ ಹಸಿದಿರುತ್ತಾರೆ. ಇವಳು ಮಾಡಿದ್ದು, ನಾವು ಒಂದು ಚೊಂಬು ನೀರು ಕಾಯಿಸಿ ಮುಖ ತೊಳೆಯುವಷ್ಟು ಹೊತ್ತಿನಲ್ಲಿ.

ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ನೀರಿನ ಪಸೆ ತೆಗೆದಳು. ಉಪ್ಪು, ಕರಿಮೆಣಸಿನ ಪುಡಿ ಸವರಿದಳು. ಕಾದ ಬಾಣಲೆಗೆ ಆಲಿವ್ ಎಣ್ಣೆ ಬಿಟ್ಟು, ಚರ್ಮದ ಕಡೆ ಕೆಳಗಾಗಿ ತುಂಡುಗಳನ್ನು ಇಟ್ಟು, ಸುಮ್ಮನೆ ನಿಂತಳು. ಸೌಟು ಮುಟ್ಟಲಿಲ್ಲ. ನಮ್ಮ ಹೆಂಗಸರ ಕೈ ಅಷ್ಟು ಹೊತ್ತು ಸುಮ್ಮನಿರುವುದಿಲ್ಲ. ಚರ್ಮ ಕೆಂಪಗಾದರೆ ತುಂಡು ತಾನೇ ತಳ ಬಿಡುತ್ತದೆ, ಆಗ ತಿರುವಬೇಕು. ಸಿಪ್ಪೆಯ ಸಮೇತ ಜಜ್ಜಿದ ಬೆಳ್ಳುಳ್ಳಿ, ಸರ್ವೆ ಮರದ ಎಲೆಯಂತೆ ಸೂಜಿ ಸೂಜಿಯಾದ, ಘಮಘಮಿಸುವ ಒಂದು ಸೊಪ್ಪು, ಬಾಟಲಿಯಿಂದ ಒಂದು ಸುರಿತ ಬಿಳಿ ದ್ರಾಕ್ಷಾರಸ. ಅದು ಚುಂಯ್ ಎಂದು ಎದ್ದು ತಳದ ಕೆಂಪನ್ನೆಲ್ಲ ಬಿಡಿಸಿಕೊಂಡಿತು. ಟೊಮ್ಯಾಟೊವನ್ನು ಕೈಯಲ್ಲೇ ಹಿಸುಕಿ ಹಾಕಿ, ಉಪ್ಪಿನಲ್ಲಿ ಊರಿದ ಕಪ್ಪು ಆಲಿವ್ ಕಾಯಿ ಎಸೆದು, ಮುಚ್ಚಳ ಮುಚ್ಚಿದಳು. ಇಷ್ಟೇ. ರುಬ್ಬಲಿಲ್ಲ, ಅರೆಯಲಿಲ್ಲ. ತೊಳೆಯಬೇಕಾದದ್ದು ಒಂದೇ ಪಾತ್ರೆ. ಮನೆಯಲ್ಲಿ ಅನಿಲ ಒಲೆ ಇದ್ದವರು ಯಾರಾದರೂ ಮಾಡಬಹುದು, ಸೊಪ್ಪಿಲ್ಲದಿದ್ದರೂ ನಡೆಯುತ್ತದೆ. ಒಂದೇ ಮಾತು, ಪಸೆ ತೆಗೆಯುವುದನ್ನು ಮಾತ್ರ ಬಿಡಬೇಡಿ.

ಬ್ರೂನೋ ರೊಟ್ಟಿಯಲ್ಲಿ ತಟ್ಟೆಯ ತಳ ಒರೆಸಿ ತಿನ್ನುತ್ತಿದ್ದ. ನಾನು ಬದನೆಕಾಯಿ ತಿಂದೆ. ಚೆನ್ನಾಗಿಯೇ ಇತ್ತು. ಆದರೆ ಮೂಗಿಗೆ ದೇವರ ಹೆಸರು ಹೇಳಿದರೆ ಅದು ಕೇಳುತ್ತದೆಯೇ?

ಗುರುವಾರ, ಬಂದು ಹೋದ ಲಾರಿ

ಯಂತ್ರಗಳನ್ನು ನಾನು ಬಿಚ್ಚಿ ನೋಡಿದ್ದೆ. ಒಳ್ಳೆಯ ಮಾಲು. ಊರಿಗೆ ಹೋಗಿ ಹಣಕ್ಕೆ ಬ್ಯಾಂಕಿನ ಕಾಗದ ಮಾಡಿಸಿ ಕಳಿಸುತ್ತೇನೆ ಎಂದು ಬ್ರೂನೋನಿಗೆ ಮಾತು ಕೊಟ್ಟಿದ್ದೆ, ಆದರೆ ಅಲ್ಲಿಯವರೆಗೆ ಅವರು ಅವನ್ನು ಹಿಡಿದಿಟ್ಟಿರಬೇಕಿತ್ತು. ಗುರುವಾರ ಬೇರೊಬ್ಬ ಗಿರಾಕಿ ಲಾರಿಯನ್ನೇ ತಂದುಬಿಟ್ಟ. ಇವತ್ತೇ ಏರಿಸುತ್ತೇನೆ ಎಂದ. ಬ್ರೂನೋನ ಜಾಗದಲ್ಲಿ ನಾನಿದ್ದಿದ್ದರೆ ಏರಿಸಿ ಕಳಿಸುತ್ತಿದ್ದೆ. ಹೊಣಕೆರೆಯವರಿಗೆ ಏನು ಹೇಳುವುದು ಎಂದು ನಾನು ಆಗಲೇ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ.

ಬ್ರೂನೋ ಅಂಗಳದಲ್ಲಿ ನಿಂತು ಆ ಗಿರಾಕಿಯ ಮಾತು ಪೂರ್ತಿ ಕೇಳಿದ. ಆಮೇಲೆ ನನ್ನ ಕಡೆ ಕೈತೋರಿಸಿ ಏನೋ ಹೇಳಿದ. ಲಾರಿ ಬರಿದೇ ತಿರುಗಿಕೊಂಡು ಹೋಯಿತು. ಏನು ಹೇಳಿದರು ಎಂದು ಗುರ್ಮೀತನನ್ನು ಕೇಳಿದೆ.

"ಗೌಡಜೀ, ಯಜಮಾನರು ಹೇಳಿದ್ದು ಇಷ್ಟು. ತನ್ನ ದೇವರಿಗೆ ಕೊಟ್ಟ ಮಾತನ್ನು ನನ್ನ ಮೇಜಿನ ಮುಂದೆ ಹಸಿದು ಕೂತೂ ಮುರಿಯದವನು, ನನಗೆ ಕೊಟ್ಟ ಮಾತು ಮುರಿಯುವುದಿಲ್ಲ. ಯಂತ್ರ ಇವನಿಗೇ."

ನಾನು ನೆಲ ನೋಡಿದೆ. ಅವರು ಅದನ್ನು ವಿನಯ ಅಂದುಕೊಂಡರು. ಪಂಪ್‌ಸೆಟ್ಟಿನ ವ್ಯಾಪಾರದಲ್ಲಿ ನಾನು ಸುಳ್ಳನ್ನೇ ಆಡಿಲ್ಲ ಎಂದರೆ ನಗುತ್ತೀರಿ. ಆದರೆ ಆ ಸುಳ್ಳುಗಳು ವ್ಯಾಪಾರದ ಸುಳ್ಳುಗಳು. ಕೊಳ್ಳುವವನೂ ತನ್ನ ಕಡೆಯಿಂದ ಅಷ್ಟೇ ಆಡುತ್ತಾನೆ, ನಡುವೆ ಎಲ್ಲೋ ಬೆಲೆ ಕುದುರುತ್ತದೆ. ಇಲ್ಲಿ ಎದುರಿನವನು ಏನೂ ಆಡಿರಲಿಲ್ಲ. ನಾನೊಬ್ಬನೇ ಆಡಿದ್ದೆ.

ಭಾನುವಾರ

ಅಲ್ಲಿಯವರೆಗೆ ನಡೆದದ್ದಕ್ಕೆ ಕೆಂಪಣ್ಣನ ಭಯ, ದನದ ಭಯ ಎಂದೆಲ್ಲ ನೆಪ ಹೇಳಬಹುದು. ಭಾನುವಾರಕ್ಕೆ ನೆಪವಿಲ್ಲ.

ಶನಿವಾರ ಸಂಜೆ ಪೇಟೆ ನೋಡಿ ಬರುತ್ತೇನೆ ಎಂದು ಒಬ್ಬನೇ ಹೋದವನು, ಕೋಳಿ ಅಂಗಡಿಯ ಗಾಜಿನ ಮುಂದೆ ನಿಂತುಬಿಟ್ಟೆ. ಕಾಲಿನ ಸಮೇತ ತೂಗುಹಾಕಿದ್ದರು, ಯಾವ ಅನುಮಾನಕ್ಕೂ ಎಡೆಯಿಲ್ಲದ ಕೋಳಿ. ಬೆರಳು ತೋರಿಸಿ ತುಂಡು ಮಾಡಿಸಿಕೊಂಡು, ಕೋಟಿನೊಳಗೆ ಬಚ್ಚಿಟ್ಟು ತಂದು, ನನ್ನ ಕೋಣೆಯ ಕಿಟಕಿಯಾಚೆ ಕಟ್ಟೆಯ ಮೇಲೆ ಇಟ್ಟೆ. ಆ ಊರಿನ ಚಳಿಗೆ ಕಿಟಕಿಯೇ ಫ್ರಿಜ್ಜು.

ಭಾನುವಾರ ಅಪ್ಪ ಮಗಳು ಇಬ್ಬರೂ ಇಗರ್ಜಿಗೆ ಹೊರಟರು. ಅಲ್ಲಿಂದ ಬ್ರೂನೋನ ತಂಗಿಯ ಮನೆಯಲ್ಲಿ ಊಟ, ಬರುವುದು ಸಂಜೆಗೆ. ನನ್ನನ್ನೂ ಕರೆದರು. ಅಲ್ಲೂ ಮತ್ತೆ ದೇವರ ಕಥೆ ಹೇಳಬೇಕಾದೀತು ಎಂದು ತಲೆನೋವಿನ ನೆಪ ಹೇಳಿದೆ. ಅವರ ಕಾರು ತಿರುವಿನಲ್ಲಿ ಮರೆಯಾದದ್ದೇ, ನಾನು ಕಿಟಕಿ ತೆಗೆದೆ.

ಯಾವ ಬಾಣಲೆ ಎಂದು ಯೋಚಿಸಿದೆ. ಲೂಚಿಯಾ ತನ್ನವುಗಳನ್ನು ಗಾತ್ರದ ಸಾಲಿನಲ್ಲಿ ತೂಗುಹಾಕುವವಳು. ಒಂದು ಅಲುಗಿದರೂ ಕಂಡುಹಿಡಿಯುತ್ತಾಳೆ. ನನ್ನದನ್ನಾದರೆ ನಾನೇ ತೊಳೆದಿಡುತ್ತಿದ್ದೆ, ಅದರ ಹತ್ತಿರ ಯಾರೂ ಬರುತ್ತಿರಲಿಲ್ಲ. ಹಸಿರು ಪಟ್ಟಿ ಕಟ್ಟಿದ ಆ ಬಾಣಲೆಯನ್ನು ಇಳಿಸಿದ್ದು ಮರೆತು ಅಲ್ಲ. ಲೆಕ್ಕ ಹಾಕಿಯೇ ಇಳಿಸಿದೆ.

ಅವಳು ಮಾಡಿದಂತೆಯೇ ಮಾಡಿದೆ. ಪಸೆ ತೆಗೆದೆ, ಸೌಟು ಮುಟ್ಟದೆ ನಿಂತೆ. ದ್ರಾಕ್ಷಾರಸ ಸುರಿದೆ. ಜಯಮ್ಮ ಕಟ್ಟಿಕೊಟ್ಟಿದ್ದ ಖಾರದಪುಡಿ ಒಂದು ಚಮಚ ಹೆಚ್ಚಿಗೆ ಹಾಕಿದೆ. ಮನೆಯೆಲ್ಲ ಭಾನುವಾರದ ವಾಸನೆ ತುಂಬಿತು. ಪಾಂಡವಪುರದ ಮನೆಯೇ ಎದ್ದು ಬಂದಂತಾಯಿತು. ತಟ್ಟೆಗೂ ಹಾಕಿಕೊಳ್ಳದೆ, ಒಲೆಯ ಮುಂದೆ ನಿಂತೇ ಕಾಲಿನ ತುಂಡೊಂದನ್ನು ಊದಿ ಊದಿ ಕಚ್ಚಿದೆ.

ಬಾಗಿಲು ತೆರೆದ ಸದ್ದಾಯಿತು.

ಅವರು ಊಟಕ್ಕೆ ಕೂರದೆಯೇ ಬಂದುಬಿಟ್ಟಿದ್ದರು. ತಲೆನೋವಿನವನನ್ನು, ಅದೂ ಭಾನುವಾರ, ಒಬ್ಬನನ್ನೇ ಬಿಡುವುದು ಹೇಗೆ ಎಂದು ಬಂದರಂತೆ, ಆಮೇಲೆ ಗುರ್ಮೀತ್ ಹೇಳಿದ. ಲೂಚಿಯಾಳ ಕೈಯಲ್ಲಿ ಬಟ್ಟೆ ಕಟ್ಟಿದ ಒಂದು ಪಾತ್ರೆ. ಅದರಲ್ಲಿ ಅವಳ ಸೋದರತ್ತೆ, ನನ್ನನ್ನು ಕಂಡೇ ಇರದಿದ್ದರೂ ನನಗಾಗಿ ಬೇರೆಯಾಗಿ ಮಾಡಿದ್ದ ಬದನೆಕಾಯಿ ಅಡುಗೆ.

ನನ್ನ ಕೈಯ ಮೂಳೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಲೂಚಿಯಾ ಮೊದಲು ನನ್ನನ್ನಲ್ಲ, ಬಾಣಲೆಯನ್ನು ನೋಡಿದಳು. ಹಿಡಿಯ ಹಸಿರು ಪಟ್ಟಿಗೆ ಎಣ್ಣೆ ಸಿಡಿದಿತ್ತು. ಹತ್ತಿರ ಬಂದು ಒಲೆ ಆರಿಸಿದಳು. ತಾನು ತಂದ ಪಾತ್ರೆಯ ಗಂಟು ಬಿಚ್ಚಿ, ಬದನೆಕಾಯಿಯನ್ನು ತಟ್ಟೆಗೆ ಬಡಿಸಿ, ನನ್ನ ಜಾಗದಲ್ಲಿಟ್ಟಳು. ಆಮೇಲೆ ಮೇಲಂಗಿಯನ್ನೂ ತೆಗೆಯದೆ ಮಹಡಿ ಹತ್ತಿಹೋದಳು.

ಬ್ರೂನೋ ಕೂತ. ಬಾಣಲೆಯನ್ನು ತನ್ನ ಕಡೆ ಎಳೆದುಕೊಂಡು ಒಂದು ತುಂಡು ತಿಂದ. ಖಾರಕ್ಕೆ ಕೆಮ್ಮಿದ, ಕಣ್ಣು ಒರೆಸಿಕೊಂಡ, ಇನ್ನೊಂದು ತಿಂದ. ನಾನು ಎದುರಿಗೆ ಕೂತು ಬದನೆಕಾಯಿ ತಿಂದೆ. ಪೂರ್ತಿ ತಿಂದೆ. ಬೈದಿದ್ದರೆ ಚೌಕಾಸಿಗಾದರೂ ದಾರಿ ಇರುತ್ತಿತ್ತು.

ಕೊಟ್ಟಿಗೆ, ಹಾಲಿನ ಹೊತ್ತು

ಸಂಜೆ ಹಾಲು ಕರೆಯುವ ಹೊತ್ತಿಗೆ ಗುರ್ಮೀತ್ ಬಂದ. ಬ್ರೂನೋ ನಮ್ಮಿಬ್ಬರನ್ನೂ ಕೊಟ್ಟಿಗೆಗೆ ಕರೆದ. ಹಸುವಿನ ಕೆಚ್ಚಲು ಒರೆಸುತ್ತಲೇ, ನನ್ನ ಕಡೆ ನೋಡದೆ ಕೇಳಿದ. ನಿನ್ನ ದೇವರ ವಿಷಯದಲ್ಲಿ ಹೇಳಿದ್ದು ಹೀಗಾಯಿತು. ಯಂತ್ರದ ವಿಷಯದಲ್ಲಿ ಹೇಳಿದ್ದು ಎಷ್ಟು ನಿಜ?

ಗುರ್ಮೀತನಿಗೆ ಆ ಪ್ರಶ್ನೆಯನ್ನು ಹಿಂದಿಗೆ ತರುವಾಗಲೇ ಮುಖ ಬಾಡಿತ್ತು. ನಮ್ಮ ದೇಶದವನು ಎಂದು ಅವನೂ ಒಂದು ವಾರ ನನ್ನ ಪಕ್ಕ ತಲೆಯೆತ್ತಿ ನಡೆದಿದ್ದ.

ಇದ್ದದ್ದನ್ನು ಹೇಳಿದೆ. ಸೋಮವಾರ ಮಾತ್ರ ಬಿಡುವುದು, ಉಳಿದ ದಿನ ತಿನ್ನುತ್ತೇನೆ. ದನದ ಬಾಡು ಬಡಿಸುತ್ತೀರಿ ಎಂದು ಹೆದರಿದೆ. ಕೇಳುವುದಕ್ಕೆ ನಾಚಿಕೊಂಡು ಸುಳ್ಳು ಹೇಳಿದೆ. ಯಂತ್ರದ ಮಾತು ಸುಳ್ಳಲ್ಲ. ಅದನ್ನು ಹೇಗೆ ನಂಬಿಸಲಿ ಎಂದು ಮಾತ್ರ ನನಗೆ ಗೊತ್ತಿರಲಿಲ್ಲ, ಅದನ್ನೂ ಹೇಳಿದೆ.

ಬ್ರೂನೋ ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತ. ಅವನು ಹೇಳಿದ್ದನ್ನು ಗುರ್ಮೀತ್ ನಿಧಾನವಾಗಿ ನನಗೆ ದಾಟಿಸಿದ.

"ನಾನು ಹಾಲು ಕರೆದ ಪ್ರಾಣಿಯನ್ನು ತಿಂದವನಲ್ಲ. ನನ್ನ ಅಪ್ಪನೂ ತಿನ್ನಲಿಲ್ಲ. ಈ ಮನೆಯ ಮೇಜಿನ ಮೇಲೆ ದನದ ಬಾಡು ಬಂದೇ ಇಲ್ಲ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ."

ಪಕ್ಕದಲ್ಲಿ ಯಂತ್ರ ಟಕ್ ಟಕ್ ಎಂದು ಹಾಲು ಕರೆಯುತ್ತಿತ್ತು. ನಾನು ಕೊಳ್ಳಲು ಬಂದಿದ್ದ ಹಳೆಯವುಗಳಲ್ಲಿ ಒಂದು. ಹಾಗಾದರೆ ಲಾರಿಯವನನ್ನು ಮತ್ತೆ ಕರೆಸುತ್ತೀರಾ ಎಂದು ಕೇಳಿದೆ. ಬ್ರೂನೋ ತಲೆಯಲ್ಲಾಡಿಸಿದ. ಯಂತ್ರ ನಿನಗೆ ಎಂದು ಹೇಳಿಯಾಗಿದೆ, ಹೇಳಿದ್ದು ನಾನು, ನೀನಲ್ಲ ಎಂದ. ಅಷ್ಟು ಹೇಳಿ ಮುಂದಿನ ಹಸುವಿನ ಹತ್ತಿರ ಹೋದ.

ನನ್ನ ಬದುಕಿನಲ್ಲಿ ಕುದುರಿಸಿದ ವ್ಯಾಪಾರಗಳಲ್ಲೆಲ್ಲ ಅದು ಒಳ್ಳೆಯದು. ನಾನು ಏನನ್ನೂ ಕುದುರಿಸಿರಲಿಲ್ಲ.

ಮರಳುವ ದಿನ

ಬೆಳಿಗ್ಗೆ ಲೂಚಿಯಾ ದಾರಿಯ ಬುತ್ತಿ ಕಟ್ಟಿದ್ದಳು. ರೊಟ್ಟಿಯೊಳಗೆ ಚೀಸ್, ಟೊಮ್ಯಾಟೊ. ಬಾಡಿಲ್ಲ. ನಾನು ನೋಡುವುದನ್ನು ಕಂಡು ಗುರ್ಮೀತನಿಗೆ ಏನೋ ಹೇಳಿದಳು.

"ಇವತ್ತು ಸೋಮವಾರ ಅಲ್ಲವಾ ಅಂತ ಕೇಳ್ತಿದ್ದಾರೆ" ಎಂದ ಗುರ್ಮೀತ್.

ನಾನು ಹೌದು ಎಂದು ತಲೆಯಾಡಿಸಿದೆ.

ಆಮೇಲೆ ಒಳಗೆ ಹೋಗಿ ಬಾಣಲೆ ತಂದಳು. ತಿಕ್ಕಿ, ಒಣಗಿಸಿ, ಎಣ್ಣೆ ಸವರಿ, ಹಳೇ ಪತ್ರಿಕೆಯಲ್ಲಿ ಸುತ್ತಿದ್ದಳು. ಹಿಡಿಯ ಪಟ್ಟಿ ಇರಲಿಲ್ಲ. ಇದು ನಿನಗೆಂದು ತಂದದ್ದು, ಈ ಮನೆಯಲ್ಲಿ ಇದಕ್ಕೆ ಕೆಲಸವಿಲ್ಲ ಎಂದಳು. ಕೋಪವಿರಲಿಲ್ಲ, ನಗುವೂ ಇರಲಿಲ್ಲ. ಬೇಡ ಎಂದೆ. ನನ್ನ ಚೀಲದ ಬಾಯಿ ತಾನೇ ಬಿಚ್ಚಿ, ಬಟ್ಟೆಗಳ ನಡುವೆ ಇಟ್ಟು, ಹಾಲಿನ ಕ್ಯಾನು ಎತ್ತಿಕೊಂಡು ಹೋದಳು. ವಿಮಾನದಲ್ಲಿ ಆ ರೊಟ್ಟಿಯನ್ನು ತಿನ್ನಲಾರದೆ ತಿಂದೆ.

ಪಾಂಡವಪುರ

ಊರಿಗೆ ಬಂದ ದಿನ ಮನೆ ತುಂಬ ಜನ. ಕೆಂಪಣ್ಣ ಚೀಲ ಇಳಿಸುವ ಮೊದಲೇ ಕೇಳಿದ.

"ಏನ್ಲಾ, ಏನೇನ್ ನುಂಗ್ಬುಟ್ಟು ಬಂದೆ? ನಿಜ ಒದರ್ಬುಡು."

"ಏನೂ ಇಲ್ಲ ಕಣ್ಲಾ. ನಂಗೇ ಅಂತ ಬ್ಯಾರೆ ಬಾಣ್ಲೆ ಮಡಗಿದ್ರು" ಎಂದೆ.

ಬಾಯಿತಪ್ಪಿ ಬಂದದ್ದಲ್ಲ. ವಾರವಿಡೀ ನಾಚಿಕೆಯಲ್ಲಿ ಬೆಂದವನು ಊರಿನ ನೆಲ ಮುಟ್ಟಿದ ಕೂಡಲೇ ಕಥೆಯ ಚೆನ್ನಾದ ಅರ್ಧವನ್ನು ಮಾತ್ರ ಮಾರಾಟಕ್ಕಿಟ್ಟೆ. ಎಲ್ಲರೂ ಬಾಣಲೆ ನೋಡಬೇಕೆಂದರು. ಪತ್ರಿಕೆ ಬಿಚ್ಚಿ ತೋರಿಸಿದೆ. ಜಯಮ್ಮ ಹಿಡಿದು, ಭಾರ ನೋಡಿ, ಇದ್ರಲ್ಲಿ ದೋಸೆ ಚೆನ್ನಾಗಿ ಏಳ್ತದೆ ಎಂದಳು. ಯಂತ್ರ ಬರುತ್ತದೆ ಎಂಬ ಸುದ್ದಿ ಹೊಣಕೆರೆಗೆ ಅಂದೇ ಹೋಯಿತು. ಮುಂದೆ ಯಂತ್ರಗಳು ಬಂದವು, ಚೆನ್ನಾಗಿಯೇ ಓಡಿದವು.

ಜನ ಹೋದ ಮೇಲೆ ಅವ್ವ ಆ ಬಾಣಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು.

"ಕಾಣದ ಊರ್ನಾಗೆ, ಯಾರೋ ಹೆಣ್ಮಗಳು, ಬಾಡು ಸೋಕಬಾರ್ದು ಅಂತ ಬ್ಯಾರೆ ಮಡಗವ್ಳೆ ಅಂದ್ರೆ. ಅವಳ ವಟ್ಟೆ ತಣ್ಣಗಿರ್ಲಿ. ಮಗಾ, ಇದ್ನ ನಂಗೇ ಕೊಟ್ಬುಡು. ನನ್ ವಗ್ಗರಣೆ ಬಾಣ್ಲೆ ತೂತು ಬಿದ್ದದೆ."

ಅವ್ವ ಎದ್ದು ತನ್ನ ಮೂಲೆಗೆ ಹೋದಳು. ಒಲೆ ಹಚ್ಚಿದಳು. ಬಾಣಲೆ ಇಟ್ಟು, ಎಣ್ಣೆ ಕುಡಿಕೆಯ ಮುಚ್ಚಳ ತೆಗೆದಳು. ಸುಮ್ಮನಿದ್ದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಲೂಚಿಯಾ ತಿಕ್ಕಿದ್ದ ಕಬ್ಬಿಣ ಕನ್ನಡಿಯಂತಿತ್ತು.

"ಅವ್ವ, ಬುಡು ಅದ್ನ. ಅದ್ರಲ್ಲಿ ನಾನು ಕ್ವಾಳಿ ಬೇಯಿಸಿವ್ನಿ" ಎಂದೆ.

ಅವಳ ಕೈ ನಿಂತಿತು.

"ನಿಂಗೇ ಅಂತ ಬ್ಯಾರೆ ಮಡಗಿದ್ದದ್ರಲ್ಲಾ?"

"ಊಂ. ಅವ್ರು ಇಲ್ದಿದ್ದಾಗ."

ಅವ್ವ ಒಲೆಯಿಂದ ಬಾಣಲೆ ಇಳಿಸಿ ನನ್ನ ಕಡೆಗೆ ಸರಿಸಿದಳು. ಕೂಗಾಡಲಿಲ್ಲ. ತನ್ನ ಮೂಲೆಯಲ್ಲಿ ಬೋರಲು ಹಾಕಿದ್ದ ಪಾತ್ರೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನನ್ನನ್ನು.

"ನಾನು ಊರ್ಗೋದಾಗ ನನ್ ಪಾತ್ರೆನೂ ಇಂಗೇ ಮಾಡಿದ್ಯೇನ್ಲಾ?"

"ಇಲ್ಲ ಕಣವ್ವ."

ಅದು ನಿಜ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಅದರಷ್ಟು ನಿಜವಾದದ್ದು ಇನ್ನೊಂದಿಲ್ಲ. ಅವ್ವ ಆಯ್ತು ಬುಡು ಎಂದು ಒಲೆ ಆರಿಸಿದಳು.

ಬೆಳಿಗ್ಗೆ ಹಿತ್ತಿಲಿನಿಂದ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ, ಅವ್ವ ತನ್ನ ಪಾತ್ರೆಗಳನ್ನೆಲ್ಲ ಕಲ್ಲಿನ ಮೇಲೆ ಹರಡಿಕೊಂಡು, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಿದ್ದಳು.